ಉಬ್ಬಸಕ್ಕೆ ಮಳೆಯೊಂದನ್ನೇ ಬಯ್ಯಬೇಡಿ

'ಮಳೆ ಹಿಡೀತು, ಅತ್ತೆಗೆ ಮತ್ತೆ ಉಬ್ಬಸ' ಅಂತೀವಿ. ಥಂಡಿಯೂ ಕಾರಣ, ನಿಜ. ಆದರೆ ಬಚ್ಚಲೊಲೆಯ ಹೊಗೆ? ಕಳಸದ ನಮ್ಮತ್ತೆ ಮನೆಯಲ್ಲಿ ಅಡುಗೆಗೆ ಗ್ಯಾಸ್ ಬಂದು ಎಷ್ಟೋ ವರ್ಷವಾಯ್ತು, ಹಂಡೆಗೆ ಮಾತ್ರ ಇಂದಿಗೂ ಹಸಿ ಸೌದೆ! ಬೀಡಿ ಮುಟ್ಟದ ಹೆಂಗಸರಿಗೂ ಸಿಒಪಿಡಿ ತರುವುದು ಇಂಥ ಹೊಗೆಯೇ. ಹಂಡೆನೀರಿನ ಸುಖವೇ ಬೇರೆ, ಒಪ್ಪುತ್ತೇನೆ. ಆದರೂ ಒಲೆ ಊದಲು ಅವರನ್ನು ಕೂರಿಸಬೇಡಿ.

ಉಸಿರು ಕಟ್ಟಿದಾಗ ಮಲಗಿಸಬೇಡಿ. ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, ಮೊಣಕೈಗಳನ್ನು ತೊಡೆಯ ಮೇಲೆ ಊರಲಿ. ಮೂಗಿನಿಂದ ಉಸಿರೆಳೆದು, ಸೀಟಿ ಹಾಕುವಂತೆ ತುಟಿ ಕೂಡಿಸಿ, ಎಳೆದದ್ದರ ಎರಡರಷ್ಟು ಹೊತ್ತು ಮೆಲ್ಲಗೆ ಬಿಡಲಿ. ಒಳಗೆ ಸಿಕ್ಕಿಕೊಂಡ ಗಾಳಿ ಹೊರಬರುತ್ತೆ. (ನಮ್ಮತ್ತೆ ಮೊದಲು ನಕ್ಕರು, ಈಗ ಪಕ್ಕದ ಮನೆಯವರಿಗೂ ಕಲಿಸ್ತಾರೆ.)

ಹಾಗಂತ ಡಾಕ್ಟರು ಕೊಟ್ಟ ಇನ್‌ಹೇಲರ್ ಬಿಡಿಸಬೇಡಿ. ತುಟಿ ನೀಲಿಗಟ್ಟಿದರೆ, ಎರಡು ಮಾತಿಗೇ ಏದುಸಿರು ಬಂದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಿ. ನಮ್ಮ ಘಟ್ಟದ ದಾರಿ ಗೊತ್ತಲ್ಲ!