ಡಾಟ್ ನೆಟ್ ಅಂದ್ರೆ ಅಮೆರಿಕದ ಸ್ವತ್ತಾ?

ರಿಚರ್ಡ್ ಓಡ್ವಯರ್ ಹೆಸರು ನಮ್ಮಲ್ಲಿ ಹೆಚ್ಚು ಜನ ಕೇಳಿರಲಿಕ್ಕಿಲ್ಲ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಓದ್ತಿದ್ದ ಹುಡುಗ. ಟಿವಿಶಾಕ್ ಅಂತ ಒಂದು ಸೈಟ್ ಮಾಡಿದ್ದ. ಸಿನಿಮಾ, ಸೀರಿಯಲ್ ಅದರಲ್ಲಿ ಇರ್ತಿರಲಿಲ್ಲ, ಬೇರೆಲ್ಲೋ ಇರೋದಕ್ಕೆ ಲಿಂಕ್ ಇರ್ತಿತ್ತು ಅಷ್ಟೇ. ಸರ್ವರ್ ಕೂಡ ಅಮೆರಿಕದಲ್ಲಿರಲಿಲ್ಲ. ಆದ್ರೂ 2010ರಲ್ಲಿ ಅಮೆರಿಕ ಆ ಡೊಮೇನ್ ಕಿತ್ತುಕೊಂಡಿತು. ಮರುವರ್ಷ, ಹುಡುಗನನ್ನೇ ನಮಗೆ ಒಪ್ಪಿಸಿ ಅಂತ ಬ್ರಿಟನ್ನನ್ನು ಕೇಳಿತು!

ಡೊಮೇನ್ ಅವರ ಕೈಗೆ ಹೇಗೆ ಸಿಕ್ತು ಅಂತೀರಾ? ಡಾಟ್ ಕಾಮ್, ಡಾಟ್ ನೆಟ್ ಎರಡರ ರಿಜಿಸ್ಟ್ರಿಯೂ ವೆರಿಸೈನ್. ಅದು ವರ್ಜೀನಿಯಾದ ಕಂಪನಿ, ಅಮೆರಿಕದ ಕೋರ್ಟ್ ಆದೇಶ ಕೊಟ್ರೆ ಮುಗೀತು. ನಾವು ಹಾಸ್ಟೆಲ್‌ನಲ್ಲಿ ಕೂತು ತಗೊಳ್ಳೋ ಡಾಟ್ ಕಾಮ್‌ಗೂ ಇದೇ ಗತಿ.

ಬೇರೆಯವರ ಸಿನಿಮಾ ತೋರಿಸಿ ಜಾಹೀರಾತಿನ ದುಡ್ಡು ಎಣಿಸೋದು ಸರಿ ಅಂತ ನಾನು ವಾದಿಸ್ತಿಲ್ಲ. ರಿಚರ್ಡ್‌ಗೆ ಆ ದುಡ್ಡು ಬರ್ತಿತ್ತು. ಆದ್ರೆ ತಪ್ಪು ಮಾಡಿದ್ರೆ ಅವನ ಊರಲ್ಲೇ ಕೇಸ್ ಹಾಕಬೇಕಿತ್ತು. ಹಾಕಿದ್ರೆ ನಿಲ್ಲೋದು ಕಷ್ಟವಿತ್ತು ಅನ್ನಿ. ಇಂಥದ್ದೇ ಟಿವಿ-ಲಿಂಕ್ಸ್ ಸೈಟಿನ ಮೇಲಿನ ಕೇಸು 2010ರಲ್ಲಿ ಅಲ್ಲಿನ ಕೋರ್ಟಲ್ಲಿ ಬಿದ್ದುಹೋಗಿತ್ತು. ತನ್ನ ದೇಶದ ಕಾನೂನಿಗೆ ಅಪರಾಧವೋ ಅಲ್ಲವೋ ಇನ್ನೂ ಖಾತ್ರಿಯಿಲ್ಲದ ಕೆಲಸಕ್ಕೆ ಒಬ್ಬ ವಿದ್ಯಾರ್ಥಿ ಕಡಲಾಚೆ ಕಟಕಟೆ ಹತ್ತಬೇಕಾ?

2012ರ ಮಾರ್ಚ್‌ನಲ್ಲಿ ಗೃಹ ಸಚಿವೆ ತೆರೇಸಾ ಮೇ ಹಸ್ತಾಂತರಕ್ಕೆ ಸಹಿಯನ್ನೂ ಹಾಕಿದ್ರು. ಅಷ್ಟರಲ್ಲಿ ಜನ ಎದ್ದಿದ್ರು, ವಿಕಿಪೀಡಿಯಾದ ಜಿಮ್ಮಿ ವೇಲ್ಸ್ ಸಹಿ ಸಂಗ್ರಹಕ್ಕೆ ಇಳಿದ್ರು. ವರ್ಷದ ಕೊನೆಗೆ 20,000 ಪೌಂಡ್ ಕಟ್ಟೋ ಒಪ್ಪಂದದಲ್ಲಿ ಹುಡುಗ ಪಾರಾದ. ಅವನು ಮಾಡಿದ್ದು ತಪ್ಪೋ ಅಲ್ಲವೋ ಅಂತ ಮಾತ್ರ ಯಾವ ಕೋರ್ಟೂ ವಿಚಾರಣೆ ಮಾಡಿ ಹೇಳಲೇ ಇಲ್ಲ.