ಹೊಂಡಕ್ಕ ಬೇಲಿ ಐತೇನ್ರಿ?

ನಮ್ಮ ಆಫೀಸಿನಲ್ಲಿ ಆಗಾಗ ಫೈರ್ ಡ್ರಿಲ್ ಆಗುತ್ತೆ. ಸೈರನ್ ಹೊಡೆದ ಕೂಡಲೇ ಎಲ್ಲರೂ ಮೆಟ್ಟಿಲಿಳಿದು ಕೆಳಗೆ ಬಂದು, ಸಾಲಾಗಿ ನಿಂತು ರೀಲ್ಸ್ ನೋಡ್ತೀವಿ. ನಮ್ಮ ಮಹಡಿಯ ಸುರಕ್ಷತಾ ಟೀಮಿನಲ್ಲಿ ನನ್ನ ಹೆಸರೂ ಇದೆ, ಹಳದಿ ಜಾಕೆಟ್ ಕೂಡ ಕೊಟ್ಟಿದ್ದಾರೆ. ಅದನ್ನು ಹಾಕಿಕೊಂಡು ತೆಗೆದ ಫೋಟೊವನ್ನು ಊರಿನ ಫ್ಯಾಮಿಲಿ ಗ್ರೂಪಿಗೆ ಕಳಿಸಿದ್ದೇ ಎಡವಟ್ಟಾಯ್ತು.

ಕಳೆದ ಶ್ರಾವಣದಲ್ಲಿ ನಾಲ್ಕು ದಿನ ರಜೆ ಹಾಕಿ ಹತ್ತಿಮತ್ತೂರಿಗೆ ಹೋಗಿದ್ದೆ. ಹಾವೇರಿ ಜಿಲ್ಲೆ, ಸವಣೂರು ತಾಲ್ಲೂಕು. ಸವಣೂರು ಅಂದ್ರೆ ನಿಮಗೆ ಎಲೆ ನೆನಪಾಗಬಹುದು, ಖಾರ ನೆನಪಾಗಬಹುದು. ನನಗೆ ನೆನಪಾಗೋದು ನಮ್ಮ ವೈನಿ ಮಾಡೋ ರೊಟ್ಟಿ. ವೈನಿ ಅಲ್ಲೇ ಹತ್ತಿರದ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ರೊಟ್ಟಿ ಬಡಿಯುತ್ತಲೇ ಹೇಳಿದರು:

“ತಮ್ಮಾ, ನಾಳೆ ನಮ್ಮ ಸಾಲ್ಯಾಗ ಸಂಭ್ರಮ ಶನಿವಾರ ಐತಿ. ಮಕ್ಕಳು ಬ್ಯಾಗ್ ತರೂದಿಲ್ಲ. ನೀ ಬಂದು ಆರೋಗ್ಯ, ಸುರಕ್ಷತೆ, ಕೂಡಿ ಕೆಲಸಾ ಮಾಡೂದು, ಇದರ ಬಗ್ಗೆ ಒಂದ್ ತಾಸು ಹೇಳು. ಆ ಹಳದಿ ಅಂಗಿ ತಂದೀಯೇನು?”

ಅಂಗಿ ತಂದಿರಲಿಲ್ಲ. ರಾತ್ರಿ ಕೂತು ಇಪ್ಪತ್ತೆರಡು ಸ್ಲೈಡ್ ಮಾಡಿದೆ. ಬೆಳಿಗ್ಗೆ ಹೋದರೆ ಕರೆಂಟ್ ಇಲ್ಲ. ಲ್ಯಾಪ್‌ಟಾಪ್ ಮುಚ್ಚಿಟ್ಟು, ಜಗಲಿಯ ಮೇಲೆ ಕೂತ ಮಕ್ಕಳ ಮುಂದೆ ಬರಿಗೈಯಲ್ಲಿ ನಿಂತೆ.

“ಕೆರಿ, ಹೊಂಡ, ಬಾವಿ ಕಂಡ್ರ ಏನ್ ಮಾಡ್ಬೇಕು?”

“ಹತ್ರ ಹೋಗಬಾರದ್ರೀ ಸರ್ರ!” ಇಡೀ ಜಗಲಿ ಒಂದೇ ದನಿಯಲ್ಲಿ ಕೂಗಿತು.

“ಯಾರ್ಯಾರು ಹೋಗೀರಿ?”

ಮೊದಲು ಕಿಸಿಕಿಸಿ ನಗು. ಆಮೇಲೆ ಒಂದು ಕೈ ಎದ್ದಿತು, ಇನ್ನೊಂದು ಎದ್ದಿತು. ನೋಡನೋಡುತ್ತ ಮುಕ್ಕಾಲು ಪಾಲು ಕೈಗಳು ಮೇಲಿದ್ದವು. ‘ಹೋಗಬಾರದು’ ಅನ್ನೋ ಪಾಠ ಅವರಿಗೆಲ್ಲ ಬಾಯಿಪಾಠ ಬರುತ್ತೆ. ಹೋದಾಗ ಏನು ಮಾಡಬೇಕು ಅನ್ನೋದನ್ನ ಮಾತ್ರ ಯಾರೂ ಹೇಳಿಲ್ಲ.

ನಮ್ಮ ಸೀಮೆಯಲ್ಲಿ ಈಗ ನೀರು ಅಂದರೆ ಬರೀ ಕೆರೆ ಅಲ್ಲ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ರಾಜ್ಯದ ಮಳೆಯಾಶ್ರಿತ ಊರುಗಳಲ್ಲಿ ಹೊಲ ಹೊಲಕ್ಕೂ ಕೃಷಿ ಹೊಂಡಗಳಾದವು. ಹರಿದು ಹೋಗೋ ಮಳೆನೀರು ಹಿಡಿದಿಟ್ಟು, ಮಳೆ ಕೈಕೊಟ್ಟಾಗ ಬೆಳೆ ಉಳಿಸಿಕೊಳ್ಳೋದು. ಒಳ್ಳೆಯ ಕೆಲಸವೇ. 12 ಮೀಟರ್ ಉದ್ದ, 12 ಮೀಟರ್ ಅಗಲ, 3 ಮೀಟರ್ ಆಳ, ಇದು ಒಂದು ಸಾಮಾನ್ಯ ಅಳತೆ. ನೀರು ಇಂಗದ ಹಾಗೆ ಒಳಗೆಲ್ಲ ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ. ಅಪಾಯ ಇರೋದು ಅಲ್ಲೇ. ಇಳಿಜಾರಿನ ಆ ಹಾಳೆ ಒದ್ದೆಯಾದರೆ ಕಾಲು ನಿಲ್ಲೋದಿಲ್ಲ, ಪಾಚಿ ಕಟ್ಟಿದರಂತೂ ಕೇಳೋದೇ ಬೇಡ. ಹಳೇ ಬಾವಿಗೆ ಮೆಟ್ಟಿಲಾದರೂ ಇರುತ್ತಿತ್ತು. ಇಲ್ಲಿ ಈಜು ಬರುವವನಿಗೂ ಹಿಡಿದು ಮೇಲೆ ಹತ್ತೋಕೆ ಏನೂ ಸಿಗೋದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದ ಪ್ರಕಾರ 2021ರಲ್ಲಿ ಜಗತ್ತಿನಲ್ಲಿ ನೀರಿಗೆ ಬಿದ್ದು ಸತ್ತವರು ಸುಮಾರು 3 ಲಕ್ಷ ಜನ. 5ರಿಂದ 14 ವರ್ಷದ ಮಕ್ಕಳ ಸಾವಿನ ಕಾರಣಗಳಲ್ಲಿ ಇದು ಮೂರನೆಯದು. ನೀರಿಗೆ ಬೇಲಿ ಹಾಕಿ, ಶಾಲೆ ಮಕ್ಕಳಿಗೆ ಈಜು ಕಲಿಸಿ, ತಾವು ಸಿಕ್ಕಿಹಾಕಿಕೊಳ್ಳದೆ ಇನ್ನೊಬ್ಬರನ್ನು ಉಳಿಸೋದು ಕಲಿಸಿ ಅಂತ ಆ ಸಂಸ್ಥೆ ಹೇಳುತ್ತೆ. ಇದೆಲ್ಲ ನನ್ನ ಸ್ಲೈಡಿನಲ್ಲಿತ್ತು. ಮಕ್ಕಳಿಗೆ ಬೇಕಾಗಿದ್ದು ಆಟ.

ಅಂಗಳದಲ್ಲಿ ಹೆಜ್ಜೆ ಅಳೆದು, ಸುಣ್ಣದ ಪುಡಿಯಿಂದ ಒಂದು ದೊಡ್ಡ ಚೌಕ ಎಳೆದೆವು. ಅದೇ ಹೊಂಡ. ನಾಲ್ಕನೇ ತರಗತಿಯ ಒಬ್ಬನನ್ನು ನಡುವೆ ಕೂರಿಸಿ, “ಇವ ಮುಳುಗಾಕತ್ತ್ಯಾನ. ಇವನ ಗೆಳ್ಯಾರು ಬರ್ರಿ, ಉಳಸ್ರಿ” ಅಂದೆ. ಅಂದದ್ದೇ ತಡ, ಆರು ಜನ ‘ಲೇ’ ಅಂತ ಕೂಗುತ್ತಾ ಗೆರೆ ದಾಟಿ ಓಡಿ ಅವನ ಕೈ ಹಿಡಿದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ವೈನಿ ಮಾತ್ರ ತಟ್ಟಲಿಲ್ಲ. ಚೌಕದ ಒಳಗಿದ್ದವರನ್ನು ಬೆರಳು ಮಾಡಿ ಎಣಿಸಿದರು. “ಮೊದಲು ಒಬ್ಬ ನೀರಾಗಿದ್ದ. ಈಗ ಏಳು ಮಂದಿ ಅದೀರಿ.”

ಅಂಗಳ ತಣ್ಣಗಾಯ್ತು. ಮೂವರು ನಾಲ್ವರು ಮಕ್ಕಳು ಒಟ್ಟಿಗೇ ಮುಳುಗಿದ ಸುದ್ದಿ ಪೇಪರಿನಲ್ಲಿ ಓದಿದಾಗ, ಎಲ್ಲರೂ ಯಾಕೆ ಒಂದೇ ಸಲ ನೀರಿಗಿಳಿದರು ಅಂದ್ಕೋತಿದ್ದೆ. ಎಲ್ಲರೂ ಒಟ್ಟಿಗೆ ಇಳಿದಿರಬೇಕಾಗಿಲ್ಲ. ಒಬ್ಬ ಜಾರಿರುತ್ತಾನೆ, ಉಳಿದವರು ಅವನನ್ನು ಬಿಟ್ಟು ಬಂದಿರೋದಿಲ್ಲ. ಮಕ್ಕಳಿಗೆ ಗೆಳೆತನ ಕಲಿಸಬೇಕಾಗಿಲ್ಲ, ಅದು ಬೇಕಾದಷ್ಟಿದೆ. ಅದು ಇವರನ್ನೇ ನೀರಿಗೆಳೆಯದ ಹಾಗೆ ಬಳಸೋದನ್ನ ಕಲಿಸಬೇಕು.

ಹೇಗೆ ಅಂತ ಯೋಚಿಸುವಷ್ಟರಲ್ಲಿ ಊಟದ ಗಂಟೆ ಹೊಡೀತು. 2002ರಲ್ಲಿ ಅಕ್ಷರ ದಾಸೋಹ ಶುರುವಾದಾಗಿನಿಂದ ಬಿಸಿಯೂಟ ನಮ್ಮ ಶಾಲೆಗಳ ದಿನಚರಿಯೇ ಆಗಿದೆ. ನಾನು ನೋಡುತ್ತ ನಿಂತೆ. ಇಬ್ಬರು ದೊಡ್ಡ ಹುಡುಗಿಯರು ಬಕೆಟ್ಟಿನಿಂದ ನೀರು ಹಾಕಿದರು. ಒಬ್ಬ ಸೋಪು ಹಿಡಿದು ನಿಂತ. ಇನ್ನೊಬ್ಬ ಇಪ್ಪತ್ತರವರೆಗೆ ಎಣಿಸಿದ, ಅಲ್ಲೀತನಕ ಯಾರೂ ಕೈ ಉಜ್ಜೋದು ನಿಲ್ಲಿಸೋ ಹಾಗಿಲ್ಲ. ಮತ್ತೊಬ್ಬಳು ಒಂದನೇ ತರಗತಿಯವರ ಉಗುರು ನೋಡಿ ಒಳಗೆ ಬಿಟ್ಟಳು. ಗದ್ದಲವಿಲ್ಲ, ನೂಕಾಟವಿಲ್ಲ.

“ನೋಡ್ ತಮ್ಮಾ,” ಅಂದರು ವೈನಿ, “ಒಬ್ಬೊಬ್ಬರಿಗೆ ಒಂದೊಂದು ಕೆಲಸಾ ಹಚ್ಚಿದ್ರ ಮಾಡ್ತಾರ. ‘ಎಲ್ಲಾರೂ ಹುಷಾರಿರ್ರಿ’ ಅಂದ್ರ ಯಾರೂ ಇರೂದಿಲ್ಲ.”

ಊಟವಾದ ಮೇಲೆ ಮತ್ತೆ ಅದೇ ಹೊಂಡ. ಈ ಸಲ ನಾಲ್ಕು ಕೆಲಸ ಹಂಚಿದೆವು. ಒಬ್ಬ ಜೋರಾಗಿ ಕೂಗೋದು. ಒಬ್ಬ ದೊಡ್ಡವರನ್ನು ಕರೆಯೋಕೆ ಓಡೋದು, ಅವರ ಫೋನಿನಿಂದ 108ಕ್ಕೆ ಕರೆ ಮಾಡಿಸೋದು. ಒಬ್ಬ ಬಿದ್ದವನ ಮೇಲಿಂದ ಕಣ್ಣು ತೆಗೆಯದೆ, “ಅಂಗಾತ ಮಲಕೋ, ಕೈಕಾಲು ಬಡೀಬ್ಯಾಡ” ಅಂತ ಹೇಳ್ತಾ ಇರೋದು. ಒಬ್ಬ ತೇಲೋ ವಸ್ತು ಎಸೆಯೋದು. ಗೆರೆ ಮಾತ್ರ ಯಾರೂ ದಾಟೋ ಹಾಗಿಲ್ಲ. ಕೋಲು ಚಾಚೋದಾದರೂ ಅಂಚಿನಿಂದ ಹಿಂದೆ ಸರಿದು, ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿ, ಹಿಂದಿನವನು ಕಾಲು ಹಿಡಿದ ಮೇಲೇ.

ಏನು ಎಸೀತೀರಿ ಅಂದದ್ದಕ್ಕೆ ಉತ್ತರಗಳ ಮಳೆ: ಖಾಲಿ ಕೊಡ, ಎಣ್ಣಿ ಕ್ಯಾನು, ಎತ್ತಿನ ಹಗ್ಗ. ಒಬ್ಬ “ಎಣ್ಣಿ ಹೊಡ್ಯೂ ಔಷಧದ ಡಬ್ಬಿ” ಅಂದ. “ಅದನ್ನ ಯಾವಾಗೂ ಮುಟ್ಟಬಾರದು, ಅದು ವಿಷ” ಅಂತ ಅವನ ಪಕ್ಕದಲ್ಲಿದ್ದವಳೇ ಬೈದಳು. ಮೇಲೆ ಬಂದವನನ್ನು ತಲೆಕೆಳಗು ಮಾಡಿ ತಿರುಗಿಸಬಾರದು, ಹೊಟ್ಟೆ ಒತ್ತಬಾರದು, ಆರಾಮ ಕಂಡರೂ ದವಾಖಾನೆಗೆ ಒಯ್ಯಬೇಕು ಅಂತ ವೈನಿ ಸೇರಿಸಿದರು. ಆರು ಸಲ ಆಡಿದೆವು. ಆರನೇ ಸಲ ಒಬ್ಬನೂ ಗೆರೆ ದಾಟಲಿಲ್ಲ. ಖಾಲಿ ಕ್ಯಾನು ನೇರ ಬಿದ್ದವನ ಮಡಿಲಿಗೇ ಬಂತು.

ನಾನು ಬೀಗುತ್ತಾ “ಏನರ ಕೇಳೂದೈತೇನು?” ಅಂದೆ. ಐದನೇ ತರಗತಿಯ ಒಬ್ಬ ಹುಡುಗಿ ಎದ್ದು ನಿಂತಳು.

“ಸರ್ರ, ನಿಮ್ಮ ಹೊಂಡಕ್ಕ ಬೇಲಿ ಐತೇನ್ರಿ?”

ನಾನು ಉತ್ತರ ಹುಡುಕುವ ಮೊದಲೇ ನಮ್ಮಣ್ಣನ ಮಗ, ಅದೇ ಶಾಲೆಯ ಮೂರನೇ ತರಗತಿಯವನು, ಖುಷಿಯಿಂದ ಕೂಗಿದ: “ಇಲ್ಲ! ನಾ ಆಯ್ತವಾರಕ್ಕೊಮ್ಮೆ ಅಜ್ಜನ ಕೂಡ ಹೋಗಿ ಅಲ್ಲೇ ಕಪ್ಪಿ ಹಿಡಿತೀನಿ!”

ವೈನಿ ಮುಖ ನೋಡೋ ಧೈರ್ಯ ನನಗಾಗಲಿಲ್ಲ. ಆ ಬೇಲಿಗೆ ದುಡ್ಡು ಕಳಿಸ್ತೀನಿ ಅಂತ ಅಪ್ಪನಿಗೆ ಹೇಳಿದವನು ನಾನೇ. ಹೇಳಿ ಎರಡು ವರ್ಷ ಆಗಿತ್ತು. ಆ ಎರಡು ವರ್ಷದಲ್ಲಿ ನಾನು ಫೋನ್ ಬದಲಾಯಿಸಿದ್ದೆ, ಗೋವಾಕ್ಕೆ ಹೋಗಿ ಬಂದಿದ್ದೆ. ಅಪ್ಪ ಒಂದು ಸಲವೂ ನೆನಪಿಸಿರಲಿಲ್ಲ.

ಸಂಜೆ ಕೇಳಿದೆ. “ಪೀಕ ಬರ್ಲಿ, ಆಮ್ಯಾಲ ನೋಡೂಣು” ಅಂದರು ಅಪ್ಪ. ವೈನಿ ಒಳಗಿಂದಲೇ, “ಮಾವಾರ, ಪೀಕ ವರ್ಷಾ ಬರ್ತೈತ್ರಿ” ಅಂದರು. ಅಷ್ಟೇ ಅಂದದ್ದು. ಅಪ್ಪ ಎದ್ದು ಹೋಗಿ ಅಳತೆಯ ಹಗ್ಗ ತಂದರು.

ರಜೆ ಎರಡು ದಿನ ಮುಂದೂಡಿದೆ. ಕಂಬ ನೆಟ್ಟು, ತಂತಿ ಎಳೆದು, ಬಾಗಿಲು ಕೂರಿಸಿ ಬೀಗ ಹಾಕಿದೆವು. ಗಂಟು ಹಾಕಿದ ಒಂದು ದಪ್ಪ ಹಗ್ಗವನ್ನು ಕಂಬಕ್ಕೆ ಕಟ್ಟಿ, ಇಳಿಜಾರಿನ ಗುಂಟ ನೀರಿನವರೆಗೆ ಇಳಿಬಿಟ್ಟೆವು, ಬಿದ್ದವರು ಹಿಡಿದು ಹತ್ತಲಿ ಅಂತ. ಹೊರಗಡೆ, ಕೈಗೆ ಸಿಗೋ ಹಾಗೆ, ಮುಚ್ಚಳ ಬಿಗಿದ ಎರಡು ಖಾಲಿ ಕ್ಯಾನಿಗೆ ಹಗ್ಗ ಕಟ್ಟಿ ತೂಗುಹಾಕಿದೆವು. ಕೃಷಿ ಭಾಗ್ಯದಲ್ಲಿ ಬೇಲಿಗೂ ಸಹಾಯಧನ ಇದೆ. ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.

ಎಲ್ಲ ಮುಗಿದ ಮೇಲೆ ಹುಡುಗ ಬಂದು ಬೇಲಿ ಅಲ್ಲಾಡಿಸಿ ನೋಡಿದ. ಮುಖ ಸಣ್ಣಗಾಗಿತ್ತು. ಆಮೇಲೆ ಹುಲ್ಲಿನಲ್ಲಿ ಏನೋ ಜಿಗಿದದ್ದು ಕಂಡು ಅರಳಿದ. “ಕಾಕಾ, ಕಪ್ಪಿ ತಾವಽ ಹೊರಗ ಬರ್ತಾವ. ನಾ ಇಲ್ಲೇ ಹಿಡಿತೀನಿ ಬಿಡು.”

ನಿಮ್ಮಲ್ಲೂ ಎಷ್ಟೋ ಜನರ ಅಪ್ಪ ಅಮ್ಮ ಊರಲ್ಲಿದ್ದಾರೆ, ಹೊಲದಲ್ಲಿ ಹೊಂಡವೂ ಇದೆ. ಈ ವಾರ ಮನೆಗೆ ಫೋನ್ ಮಾಡಿದಾಗ ‘ಊಟ ಆತೇನು, ಮಳಿ ಆತೇನು’ ಎಲ್ಲ ಮುಗಿದ ಮೇಲೆ ಆ ಹುಡುಗಿ ಕೇಳಿದ ಪ್ರಶ್ನೆಯನ್ನೂ ಕೇಳಿ. ‘ಇಲ್ಲ’ ಅಂದರೆ, ದುಡ್ಡು ಕಳಿಸ್ತೀನಿ ಅಂತ ನನ್ನ ಹಾಗೆ ಬರೀ ಹೇಳಿ ಸುಮ್ಮನಾಗಬೇಡಿ.