ಮಂಗಳೂರಿನ ತಿಮಿಂಗಿಲ

ಬೇಸಿಗೆ ರಜೆ ಬಂತೆಂದರೆ ತಾಯಂದಿರಿಗೆ ತಲೆನೋವು. ಎಗ್ಮೋರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿ ರಜೆಯ ದಿನಗಳಲ್ಲಿ ಮಕ್ಕಳಿಗಾಗಿ ಶಿಬಿರ ನಡೆಸುವುದುಂಟು, ವಿಚಾರಿಸಿ, ಕಳುಹಿಸಿಕೊಡಿ. 1851ರಲ್ಲಿ ಸ್ಥಾಪನೆಯಾದ ಆ ಸಂಸ್ಥೆಯ ಪ್ರಾಣಿವಿಭಾಗದಲ್ಲಿ ನಮ್ಮ ನಾಡಿನ ಕಡೆಯವನೊಬ್ಬನಿದ್ದಾನೆ! 1874ರಲ್ಲಿ ಮಂಗಳೂರಿನ ಕಡಲತೀರಕ್ಕೆ ಬಂದು ಬಿದ್ದ ತಿಮಿಂಗಿಲದ ಅಸ್ಥಿಪಂಜರವದು. ಉದ್ದ ಸುಮಾರು 60 ಅಡಿ. ಆಗ ಮಂಗಳೂರು ಮದರಾಸು ಪ್ರಾಂತಕ್ಕೆ ಸೇರಿತ್ತಾದ್ದರಿಂದ ಅದೂ ನಮ್ಮಂತೆ ಇಲ್ಲಿಗೇ ಬಂತು.

ತಿಮಿಂಗಿಲದ ಈಜುರೆಕ್ಕೆಯೊಳಗೆ ತೋಳಿನ ಎಲುಬು, ಮಣಿಕಟ್ಟು, ಬೆರಳುಗಳು, ಎಲ್ಲವೂ ನಮ್ಮ ಕೈಯಲ್ಲಿರುವ ಕ್ರಮದಲ್ಲಿಯೇ ಇರುತ್ತವೆ. ಮೀನಿಗೆ ಇವು ಎಲ್ಲಿಂದ ಬರಬೇಕು?

ಶಿಬಿರದ ಪಾಠ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಇದ್ದೀತು, ಇರಲಿ. ಸಂಜೆ ಮನೆಗೆ ಬಂದ ಮಗು ಕಂಡದ್ದನ್ನು ಕನ್ನಡದಲ್ಲಿ ಹೇಳಲಿ. ‘ಎಲುಬು’, ‘ಕಿವಿರು’ ಎಂಬ ಮಾತು ಬಾಯಿಗೆ ಬರದಿದ್ದರೆ ಅಜ್ಜಿಯನ್ನು ಕೇಳಲಿ. ಅಜ್ಜಿಗೂ ತಿಮಿಂಗಿಲದ ಸುದ್ದಿ ಸಿಕ್ಕೀತು.